ಅಣ್ಣನ ಹಗ್ಗ ಮುಟ್ಟದೆ ನಿಂತದ್ದರ ಬಗ್ಗೆ

ಗಾಳದವರೆಲ್ಲ ಬಕೆಟ್ ಮಾಮ ಎಂದು ಕರೆಯುವ ನಾನು, ವಯಸ್ಸು 52, ಉದ್ಯೋಗ ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನು ಹಿಡಿದು ಜೀವಂತ ಮಾರುವುದು, ವಾಸ ನಾಲೆ ರಸ್ತೆಯ ಮರದ ಮಿಲ್ಲಿನ ಹಿಂದಿನ ಎರಡು ಕೋಣೆಯ ಮನೆ, ಈ ದಿನ ಬೆಳಿಗ್ಗೆ 11-20ಕ್ಕೆ ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ:

ನಾನೂ ನನ್ನ ಅಣ್ಣನೂ (ವಯಸ್ಸು 58) ಒಂದೇ ಕಸುಬಿನವರು. ತಂತಿಬಲೆಯ ಗೂಡಿನೊಳಗೆ ನೆನೆಸಿದ ಬ್ರೆಡ್ಡಿನ ಉಂಡೆ ಇಟ್ಟು, ಸಂಜೆ ನಾಲೆಗೆ ಇಳಿಬಿಟ್ಟು, ಹಗ್ಗವನ್ನು ಮೇಲೆ ಕಟ್ಟಿ, ಬೆಳಿಗ್ಗೆ ಎತ್ತುತ್ತೇವೆ. ಗೂಡಿನ ಬಾಯಿ ಒಳಕ್ಕೆ ಕಿರಿದಾಗುತ್ತಾ ಹೋಗುವುದರಿಂದ ಹೊಕ್ಕ ಮೀನಿಗೆ ಹೊರದಾರಿ ಸಿಗುವುದಿಲ್ಲ. ಅವರವರ ಹಗ್ಗಕ್ಕೆ ಅವರವರ ಬಣ್ಣದ ಬಟ್ಟೆಚೂರು. ಅಣ್ಣನದು ನೀಲಿ, ನನ್ನದು ಕೆಂಪು. ಒಬ್ಬರ ಹಗ್ಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇದು ನಮ್ಮ ಕಸುಬಿನವರೆಲ್ಲ ಪಾಲಿಸುವ ಕಟ್ಟುಪಾಡು.

ಎರಡು ತಿಂಗಳ ಹಿಂದೆ ಅಣ್ಣ ಜ್ವರದಿಂದ ಮಲಗಿದ್ದ. ಗೂಡಿನಲ್ಲಿ ಮೀನು ಕಿಕ್ಕಿರಿದು ಸಾಯುತ್ತವೆಂದು ನಾನೇ ಅದನ್ನು ಎತ್ತಿ, ಮೀನನ್ನು ಅವನ ಡ್ರಮ್ಮಿಗೆ ಬಿಟ್ಟೆ. ಎದ್ದು ಬಂದವನು ಅರ್ಧ ಮೀನು ನುಂಗಿದ್ದೀಯ ಎಂದು ಜಗಳಕ್ಕೆ ನಿಂತ. ಗಿರಾಕಿಗಳ ಎದುರೇ, "ಒಡಹುಟ್ಟಿದವನೇ ಕೈ ಹಾಕಿದ್ರೆ ಬೀಗ ಯಾವುದಕ್ಕಂತ ಹಾಕ್ಲಿ?" ಎಂದು ಕೂಗಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ನಿನ್ನ ಹಗ್ಗದ ತಂಟೆಗೆ ಬಂದರೆ ನನ್ನನ್ನು ತಮ್ಮ ಎನ್ನಬೇಡ ಎಂದು ಹೇಳಿ ಬಂದೆ. ಅಲ್ಲಿಂದೀಚೆಗೆ ಮಾತುಕತೆ ಇರಲಿಲ್ಲ. ಅತ್ತಿಗೆ ಎರಡು ಸಲ ನಮ್ಮ ಮನೆಗೆ ಬಂದು, ಅಣ್ಣತಮ್ಮ ಇಬ್ಬರಿಗೂ ಬುದ್ಧಿ ನೆಟ್ಟಗಿಲ್ಲ ಎಂದು ಬೈದು ಹೋದರು.

ಈ ದಿನ 6-05ಕ್ಕೆ ನಾಲೆಯ ಕಾಲುಸೇತುವೆಯ ಬಳಿ ಹೋದೆ. ಅಣ್ಣನ ಸೈಕಲ್ ಕಾಣಲಿಲ್ಲ, ಇನ್ನೂ ಬಂದಿಲ್ಲವೆಂದುಕೊಂಡೆ. ಸೈಕಲ್ ಪಂಕ್ಚರ್ ಆಗಿ ನಡೆದೇ ಹೋಗಿದ್ದನೆಂದು ಅತ್ತಿಗೆ ಆಮೇಲೆ ತಿಳಿಸಿದರು. 6-08ಕ್ಕೆ, ಸೇತುವೆಯ ಕಂಬಿಗೆ ಕಟ್ಟಿದ್ದ ನೀಲಿ ಬಟ್ಟೆಯ ಹಗ್ಗ ಬಿಗಿಯಾಗಿ ಜಗ್ಗುತ್ತಿರುವುದನ್ನು ನೋಡಿದೆ. ಆರೂವರೆಗೆ ಗಿರಾಕಿ ಬರುವುದಿದ್ದರಿಂದ ಗಡಿಯಾರ ನೋಡಿಕೊಳ್ಳುತ್ತಲೇ ಇದ್ದೆ, ಸಮಯದಲ್ಲಿ ತಪ್ಪಿಲ್ಲ. ಹಗ್ಗ ಸೇತುವೆಯ ಅಡಿಗೆ ಹೋಗುತ್ತದೆ, ಮೇಲಿಂದ ಅಲ್ಲಿ ಏನೂ ಕಾಣುವುದಿಲ್ಲ. ಆ ಹೊತ್ತಿಗೆ ಮೇಲಿನ ತೂಬು ತೆರೆದಿದ್ದರಿಂದ ನೀರು ಏರುತ್ತಿತ್ತು, ಸದ್ದೂ ಜೋರಾಗಿತ್ತು.

ದೊಡ್ಡ ಹಾವುಮೀನು ನುಗ್ಗಿ ಗೂಡು ಹರಿಯುತ್ತಿದೆ ಎಂದುಕೊಂಡೆ. ಹರಿದರೆ ಹರಿಯಲಿ, ನನ್ನ ಗಂಟೇನು ಹೋಗುತ್ತೆ ಎಂದುಕೊಂಡೆ. ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ. ಅದೇ ಸೇತುವೆಯ ಮೇಲೆ ಹನ್ನೆರಡು ಅಡಿ ಆಚೆ ಕಟ್ಟಿದ್ದ ನನ್ನ ಮೂರು ಗೂಡುಗಳನ್ನು ಒಂದೊಂದಾಗಿ ಎತ್ತಿ, ಸತ್ತವನ್ನು ಆರಿಸಿ ಎಸೆದು, ಉಳಿದವನ್ನು ಬಕೆಟ್ಟಿಗೆ ಬಿಟ್ಟೆ. ನಡುವೆ ಎರಡು ಸಲ ತಿರುಗಿ ನೋಡಿದೆ. ಹಗ್ಗ ಜಗ್ಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಜಗ್ಗುತ್ತಿತ್ತು. 6-16ಕ್ಕೆ ಸಡಿಲವಾಯಿತು. ಸೇತುವೆಯ ಕೆಳಗಿನಿಂದ ಒಂದು ಚಪ್ಪಲಿ ತೇಲಿ ಬಂತು. ಕಿತ್ತುಹೋದ ಬಾರಿಗೆ ತಂತಿ ಸುತ್ತಿದ ಚಪ್ಪಲಿ ಈ ಊರಲ್ಲಿ ಅಣ್ಣನೊಬ್ಬನದೇ. ಹೊಸದು ತಗೋ ಎಂದರೆ ಕೇಳುವವನಲ್ಲ.

6-17ಕ್ಕೆ ಹಗ್ಗ ಹಿಡಿದುಕೊಂಡು ನೀರಿಗೆ ಇಳಿದೆ. ಕಲ್ಲಿಗೆ ಸಿಕ್ಕಿದ ಗೂಡು ಬಿಡಿಸಲು ಇಳಿದಿದ್ದನೆಂದು ಕಾಣುತ್ತದೆ, ಅಣ್ಣನ ಬಲಗಾಲು ತಳದ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮೂಗು ಮುಳುಗುವಷ್ಟು ನೀರಿತ್ತು. ಹಗ್ಗ ಅವನ ಕೈಯಲ್ಲೇ ಇತ್ತು. ಮುಳುಗಿ, ಕಲ್ಲು ಸರಿಸಿ, ಕಾಲು ಬಿಡಿಸಿದೆ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ಆಗ ಗಡಿಯಾರ ನೋಡಲಿಲ್ಲ. ನಾಲೆಯ ದಡದ ಮೆಟ್ಟಿಲ ಮೇಲೆ ಮಲಗಿಸಿ ಬೆನ್ನು ತಟ್ಟಿದಾಗ ನೀರು ಕಕ್ಕಿ ಕಣ್ಣು ಬಿಟ್ಟ. ಮಿಲ್ಲಿನ ಕಾವಲುಗಾರ ಫೋನ್ ಮಾಡಿದ್ದರಿಂದ 6-50ಕ್ಕೆ ಆಂಬುಲೆನ್ಸ್ ಬಂತು. 8-40ಕ್ಕೆ ಆಸ್ಪತ್ರೆಯಲ್ಲಿ ಅಣ್ಣ ತೀರಿಕೊಂಡ. ಶ್ವಾಸಕೋಶಕ್ಕೆ ನೀರು ಹೋಗಿತ್ತೆಂದು ಡಾಕ್ಟರು ಹೇಳಿದರು.

ಅಣ್ಣನ ಸಾವಿನಲ್ಲಿ ನನಗೆ ಬೇರೆ ಯಾರ ಮೇಲೂ ಅನುಮಾನವಿಲ್ಲ. ಬರೆದುಕೊಳ್ಳುತ್ತಿರುವ ಸಾಹೇಬರು, ಹಗ್ಗ ಅಲುಗಿದ್ದನ್ನು ಬೇರೆ ಯಾರೂ ನೋಡಿಲ್ಲವಲ್ಲ, "ಚಪ್ಪಲಿ ನೋಡಿ ಇಳಿದೆ ಅಂತ ಬರೆದ್ರೆ ಸಾಕಲ್ವಾ?" ಎಂದು ಕೇಳಿದರು. ಸಾಲದು ಎಂದೆ.

ಆಸ್ಪತ್ರೆಯಲ್ಲಿ ಅತ್ತಿಗೆ ನನ್ನ ಕೈ ಹಿಡಿದುಕೊಂಡು, "ಅವ್ರು ಏನಾದ್ರೂ ಹೇಳಿದ್ರಾ?" ಎಂದು ಕೇಳಿದರು. ಏನೂ ಹೇಳಲಿಲ್ಲ ಎಂದೆ. ಅದು ಸುಳ್ಳು. ಮೆಟ್ಟಿಲ ಮೇಲೆ ಕಣ್ಣು ಬಿಟ್ಟಾಗ ಅಣ್ಣ, "ತಲೆ ಮೇಲೆ ಓಡಾಡ್ತಿದ್ದಿದ್ದು ನೀನೇ ಅಂತ ಗೊತ್ತಾಯ್ತು ಕಣೋ. ನಿನ್ನ ಹೆಜ್ಜೆ ಸದ್ದು ನಂಗೊತ್ತಿಲ್ವಾ? ಕೂಗೋಣ ಅಂದ್ರೆ ಬಾಯಿಗೆ ನೀರು. ಅದಕ್ಕೇ ಎಳೀತಾನೇ ಇದ್ದೆ," ಎಂದ. ಮತ್ತೆ ಮಾತಾಡಲಿಲ್ಲ.

ಇದನ್ನು ಅತ್ತಿಗೆಯ ಎದುರು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅವರನ್ನು ಕರೆಸಿ ಈ ಹೇಳಿಕೆಯನ್ನು ಓದಿ ಹೇಳಬೇಕೆಂದು, ಓದುವಾಗ ನಾನೂ ಅಲ್ಲೇ ನಿಂತಿರಲು ಬಿಡಬೇಕೆಂದು ಕೋರುತ್ತೇನೆ.

ಮೇಲಿನದೆಲ್ಲವನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಒಂದು ನಿಮಿಷವೂ ಹೆಚ್ಚು ಕಡಿಮೆಯಾಗಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಅಣ್ಣ ತೀರಿಕೊಂಡ ದಿನವೇ, ಮಧ್ಯಾಹ್ನ 12-35
ಸಹಿ/- (ಮೃತರ ತಮ್ಮ)