ಅಲ್ಲಾಡದ ಹನ್ನೊಂದು ಜನ

ಎಲ್ಲರಿಗೂ ನಮಸ್ಕಾರ. ಗಂಗಾಂಬಿಕೆ ಅಮ್ಮನವರೇ, ಮಗಳು ಪಲ್ಲವಿ, ಗುಬ್ಬಿಯಿಂದ ಬಂದಿರೋ ಬಂಧುಗಳೇ, ಸತ್ಯಮಂಗಲದ ವರ್ಕ್‌ಶಾಪಿನ ಗೆಳೆಯರೇ — ನಾನು ರಾಮಾಂಜಿನಯ್ಯ. ತುಮಕೂರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ನಮ್ಮ ರೇವಣಸಿದ್ದಯ್ಯನವರು ಹದಿನಾಲ್ಕು ವರ್ಷ ಆ ಮಿಷಿನ್ ನೋಡ್ಕೊಂಡ ಇಂಜಿನಿಯರ್. ಅವರ ಶ್ರದ್ಧಾಂಜಲಿ ಸಭೇಲಿ ಗುಣಗಾನ ಮಾಡು ಅಂತ ನನ್ನ ಕೈಗೆ ಮೈಕ್ ಕೊಟ್ಟಿದೀರಿ. ನಾನು ನನ್ನ ತಪ್ಪೊಂದನ್ನ ಹೇಳ್ತೀನಿ — ಅದರಲ್ಲೇ ಅವರ ಗುಣವೂ ಬರುತ್ತೆ.

ಎರಡು ವರ್ಷದ ಹಿಂದೆ, ಮಧ್ಯಾಹ್ನದ ಮೇಲೆ ತೆಗೆದ ಚಿತ್ರಗಳಲ್ಲಿ ನೆರಳು ಬರೋಕೆ ಶುರುವಾಯ್ತು. ಒಂದು ಮೂಳೆ ಇರೋ ಕಡೆ ಎರಡು ಕಾಣೋದು. ರೋಗಿ ಒಳಗೆ ಅಲ್ಲಾಡಿದ್ರೂ ಹಂಗೇ ಬರುತ್ತೆ. ಹಾಗಾಗಿ ನಾನು ರಿಪೋರ್ಟಿನಲ್ಲಿ ಬರೆದೆ — ರೋಗಿ ಅಲ್ಲಾಡಿದರು. ಬರೆದು, ಬೈದೆ ಕೂಡ. ಬೈಯೋದ್ರಲ್ಲಿ ನಾನು ಎಂಥೋನು ಅಂತ ಇಲ್ಲಿ ಕೆಲವರಿಗೆ ಗೊತ್ತು.

ಅಮೃತೂರಿನ ಚಿಕ್ಕಮಾರಮ್ಮ, ಎಪ್ಪತ್ತು ದಾಟಿದವರು, ಸೊಂಟದ ಸ್ಕ್ಯಾನಿಗೆ ಬಂದ್ರು. ನೆರಳು. ಮತ್ತೆ ಬಂದ್ರು. ಮತ್ತೆ ನೆರಳು. ಆಪರೇಷನ್ ಬೇಕೋ ಬೇಡ್ವೋ ಅಂತ ಡಾಕ್ಟರಿಗೆ ಹೇಳೋಕಾಗ್ತಿಲ್ಲ. ಮಗ ಅಶ್ವಥ್ ತಾಯಿನೇ ಗದರಿಸ್ತಾ ಇದ್ದ. ಆಯಮ್ಮ ಸೀದಾ ರೇವಣಸಿದ್ದಯ್ಯನವರ ಮುಂದೆ ಬಂದು ನಿಂತ್ರು. "ಒದೆಯೋ ಹಸು ಕರೆಯೋಳು ಕಣಪ್ಪ ನಾನು. ಅಲ್ಲಾಡ್ದಂಗೆ ಇರೋದನ್ನ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ."

ನಾನು ನಕ್ಕೆ. ರೇವಣಸಿದ್ದಯ್ಯನವರು ನಗಲಿಲ್ಲ. ನೀರು ತುಂಬಿದ ಪರೀಕ್ಷೆ ಬಾಟಲಿ ಒಂದಿದೆ. ದಿನಾ ಬೆಳಿಗ್ಗೆ, ಮಿಷಿನ್ ತಣ್ಣಗಿರುವಾಗ, ಅದನ್ನ ಇಟ್ಟು ನೋಡೋದು ನಮ್ಮ ಪದ್ಧತಿ. ಅವರು ಅದನ್ನ ಮಧ್ಯಾಹ್ನ ಮೂರಕ್ಕೆ, ಒಂಬತ್ತು ಜನ ಮಲಗಿ ಎದ್ದ ಮೇಲೆ ಇಟ್ರು. ಅದೇ ನೆರಳು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು — "ಬಾಟಲಿನೂ ಅಲ್ಲಾಡ್ತಾ, ರಾಮಾಂಜಿ?"

ತಪ್ಪು ಆರ್‌ಎಫ್ ಆಂಪ್ಲಿಫೈಯರ್‌ದು. ರೇಡಿಯೋ ಸಿಗ್ನಲ್ಲನ್ನ ದೊಡ್ಡದು ಮಾಡಿ ಮೈಗೆ ಕಳಿಸೋ ಪೆಟ್ಟಿಗೆ ಅದು. ಬಿಸಿ ಏರಿದಂಗೆ ಸಿಗ್ನಲ್ಲಿನ ಆಕಾರ ಕೆಡಿಸ್ತಾ ಇತ್ತು — ಒಂದೊಂದು ಸಲ ಒಂದೊಂದು ಥರ. ಅವರು ಏನು ಮಾಡಿದ್ರು? ಹೊರಗೆ ಬರ್ತಿದ್ದ ಸಿಗ್ನಲ್ಲನ್ನ ಅಳೆದು, ಬೇಕಾದ ಆಕಾರದ ಪಕ್ಕ ಇಟ್ಟು ನೋಡಿದ್ರು. ಪೆಟ್ಟಿಗೆ ಎಷ್ಟು ತಗ್ಗಿಸುತ್ತೋ ಅಷ್ಟನ್ನ ಮೊದಲೇ ಹೆಚ್ಚಿಸಿ, ಎತ್ತ ವಾಲಿಸುತ್ತೋ ಅದರ ಎದುರು ದಿಕ್ಕಿಗೆ ಮೊದಲೇ ವಾಲಿಸಿ ಒಳಗೆ ಕಳಿಸಿದ್ರು. ಹೊರಗೆ ಬರುವಾಗ ನೆಟ್ಟಗೆ ಬಂತು. ಬಿಸಿ ಬದಲಾದಂಗೆ ಆ ತಿದ್ದುಪಡಿಯೂ ಬದಲಾಗೋ ಹಾಗೆ ಮಾಡಿದ್ರು. ಕಂಪನಿಯ ಒಪ್ಪಿಗೆ ತರಿಸ್ಕೊಂಡು, ಆರು ದಿನದ ಕೆಲಸ. ಚಿಕ್ಕಮಾರಮ್ಮನವರ ಚಿತ್ರ ಸ್ವಚ್ಛವಾಗಿ ಬಂತು. ಆಪರೇಷನ್ ಬೇಕಾಗಲಿಲ್ಲ.

ನಾನು ಸ್ವೀಟ್ ತರಿಸಿದೆ. ಅವರು ಮುಟ್ಟಲಿಲ್ಲ. "ಮಿಷಿನ್ ಸರಿ ಹೋಯ್ತು. ನೀನು ಬರೆದಿದ್ದು ಇನ್ನೂ ಹಂಗೇ ಇದೆಯಲ್ಲ" ಅಂದ್ರು.

ಹಳೇ ರಿಪೋರ್ಟ್ ಹುಡುಕಿದ್ರೆ, ನನ್ನ ಕೈಲಿ ಹಂಗೆ ಬರೆಸ್ಕೊಂಡೋರು ಹನ್ನೊಂದು ಜನ. ಪ್ರೈವೇಟ್ ಬಸ್ಸು ಹತ್ತಿಸಿ ಅಮೃತೂರಿಗೆ ನನ್ನನ್ನ ಕರ್ಕೊಂಡು ಹೋದ್ರು. ನೀವು ಅಲ್ಲಾಡಿರಲಿಲ್ಲ ತಾಯಿ ಅಂತ ಆ ಮಗನ ಎದುರಿಗೇ ನನ್ನ ಬಾಯಲ್ಲಿ ಹೇಳಿಸಿದ್ರು. ಭಾರಿ ನಾಚಿಕೆ ಆಯ್ತು — ಸುಳ್ಳು ಯಾಕೆ ಹೇಳ್ಲಿ — ವಾಪಸ್ ಬರುವಾಗ ಮನಸ್ಸು ಹಗುರಾಗಿತ್ತು. ಹೀಗೆ ಹತ್ತು ಜನಕ್ಕೆ ಹೇಳಿದ್ವಿ, ಮತ್ತೆ ಸ್ಕ್ಯಾನ್ ಮಾಡಿಕೊಟ್ವಿ. ಮಂಡಿ ನೋವಿಗೆ ಬಂದಿದ್ದ ನರಸಯ್ಯನವರು ಮಾತ್ರ ಸಿಗಲಿಲ್ಲ. ಫೋನ್ ನಂಬರ್ ಬದಲಾಗಿತ್ತು, ಮನೆಯೂ ಬದಲಾಗಿತ್ತು. ರೇವಣಸಿದ್ದಯ್ಯನವರು ಕಂಡಾಗಲೆಲ್ಲ ಕೇಳೋರು, ಸಿಕ್ರಾ ಅಂತ. ಆಸ್ಪತ್ರೆ ಹಾಸಿಗೆ ಮೇಲೆ ಮಲಗಿದ್ದಾಗಲೂ ಅದನ್ನೇ ಕೇಳಿದ್ರು.

ಮೊನ್ನೆ ಸಿಕ್ರು. ಮಾರ್ಕೋನಹಳ್ಳಿ ಹತ್ರ, ಮಗಳ ಮನೇಲಿ. ಹೇಳಿದೆ. ಅವರು ಎರಡೂ ಕೈ ಮುಂದೆ ಚಾಚಿ — ಹಿಂಗೆ — ನೋಡ್ಕೊಂಡ್ರು. ತನಗೇ ತಿಳೀದಂಗೆ ಮೈ ನಡುಗುತ್ತೆ ಅಂತ ನಂಬಿ, ಬೀಳಿಸಿಬಿಡ್ತೀನೇನೋ ಅನ್ನೋ ಭಯಕ್ಕೆ ಇಷ್ಟು ದಿನ ಮೊಮ್ಮಗಳನ್ನ ಎತ್ಕೊಂಡೇ ಇರಲಿಲ್ಲವಂತೆ. ನಾನು ಬರೆದಿದ್ದು ಎರಡೇ ಪದ.

ಅವರು ಇವತ್ತು ಬಂದಿದಾರೆ, ಕೊನೇ ಸಾಲಿನಲ್ಲಿ. ಮೊಮ್ಮಗಳು ಯಶಸ್ವಿನಿನೂ ಬಂದವ್ಳೆ. ಅದಕ್ಕೇ ನನಗೆ ಇವತ್ತು ದುಃಖಕ್ಕಿಂತ ಸಮಾಧಾನವೇ ಜಾಸ್ತಿ — ಸಾರ್, ಸಿಕ್ರು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮಾತಿಲ್ಲದೆ ಅವರನ್ನ ನೆನೆಯೋಣ. ನರಸಯ್ಯನವರೇ — ನೀವು ಮಗುನ ಕೆಳಗಿಳಿಸ್ಬೇಡಿ. ಎತ್ಕೊಂಡೇ ನಿಂತ್ಕೊಳ್ಳಿ.