ಎಷ್ಟು ಬೇಕಾದರೂ

ಚೈನೀಸ್ ಬಫೆಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಪ್ಪ, ಮಗಳು. ಅಪ್ಪನ ದನಿ ಒಡೆದುಹೋಗಿತ್ತು.

"ಬರೀ ಅನ್ನ ಹಾಕ್ಕೊಂಡ್ರೆ ಹೇಗಪ್ಪಾ? ನೂಡಲ್ಸ್ ತಗೊಳ್ಳಿ."

"ಸಾಕಮ್ಮ."

"ನಾಳೆ ಆಪರೇಷನ್. ಆಮೇಲೆ ಟ್ಯೂಬಲ್ಲೇ ಊಟ. ಅದಕ್ಕೇ ತಾನೇ ಇಲ್ಲಿಗೆ ಬಂದಿದ್ದು?"

"ಊಟ ಒಂದಲ್ಲ ಒಂದು ದಿನ ಮತ್ತೆ ಮಾಡಬಹುದು. ಗಂಟಲಿಂದ ದನಿಪೆಟ್ಟಿಗೇನೇ ತೆಗೆದ್ಮೇಲೆ ಮಾತು ಬರುತ್ತಾ?"

ಮಗಳು ಸೌಟು ಕೆಳಗಿಟ್ಟಳು.

"ಮತ್ತೆ ಬಫೆನೇ ಬೇಕು ಅಂತ ಹಟ ಹಿಡಿದ್ರಲ್ಲ?"

"ಬೇರೆ ಕಡೆ ಕೈ ತೊಳೆಯೋಕೆ ಮುಂಚೆನೇ ಬಿಲ್ಲು ತಂದಿಡ್ತಾರೆ. ಇಲ್ಲಿ ತಟ್ಟೇಲಿ ಏನಾದ್ರೂ ಇರೋವರೆಗೂ ಯಾರೂ ಏಳಿ ಅನ್ನಲ್ಲ. ನಿಂಗೆ ಹೇಳೋದು ಬಹಳ ಇದೆ."

"ಏನು?"

"ಬಾ, ಕೂತ್ಕೊಂಡು ಹೇಳ್ತೀನಿ. ನಿಮ್ಮಮ್ಮನ್ನ ಮೊದಲು ನೋಡಿದ ದಿನದಿಂದ."

ಅಪ್ಪ ಮೂಲೆಯ ಮೇಜಿಗೆ ನಡೆದರು. ಮಗಳು ತನ್ನ ತಟ್ಟೆಗೆ ನೂಡಲ್ಸ್ ಗುಡ್ಡೆ ಹಾಕಿಕೊಂಡು, ಮೇಲೆ ಇನ್ನೊಂದು ಸೌಟು ಸುರಿದುಕೊಂಡು, ಅವರ ಹಿಂದೆ ಹೋದಳು.