ಎರಡು ತೂತಿನ ಬುಟ್ಟಿ

ಮ್ಯೂಸಿಯಂ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು. ಕೊಡೆ ತರದ ನಾಲ್ಕು ಜನ ಒಳಗೇ ಉಳಿದರು. ಏಳು ತಿಂಗಳ ಬಸುರಿಯಾಗಿದ್ದ ಹೊಸ ಗುಮಾಸ್ತೆಗೆ ಬೀಗದಜ್ಜಿ ತನ್ನ ಸ್ಟೂಲು ಬಿಟ್ಟುಕೊಟ್ಟಳು. ಅಜ್ಜಿ ಇಲ್ಲಿನ ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ ದಿನಾ ಬಂದು ಬೀಗ ಜಗ್ಗಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಊರಿನಲ್ಲಿ ತನ್ನವರು ಅಂತ ಯಾರೂ ಇಲ್ಲದ ಗುಮಾಸ್ತೆಗೆ ಈ ಮುದುಕಿಯ ಗದರಿಕೆಯೇ ಆಸರೆ. ಎದುರಿನ ಗಾಜಿನ ಕಪಾಟು ಯಾಕೆ ಖಾಲಿ ಎಂದು ಅವಳು ಕೇಳಿದಳು. ಅಜ್ಜಿ ಎಲ್ಲರನ್ನೂ ಹತ್ತಿರ ಕೂರಿಸಿಕೊಂಡು ಶುರು ಮಾಡಿದಳು.

"ಕೇಳ್ತೀರಾ? ಕೇಳಿ. ಆಮೇಲೆ ಮನೆಗೆ ಹೋಗೋಕೆ ಭಯ ಅಂತ ನನ್ನ ಜೀವ ತಿನ್ನಬೇಡಿ... ಆಗ ನಾನಿಲ್ಲಿ ಕಸ ಗುಡಿಸ್ತಿದ್ದೆ. ಗಂಡ ತೀರಿಕೊಂಡಿದ್ದ, ಮಡಿಲಲ್ಲಿ ಮೂರು ತಿಂಗಳ ಹೆಣ್ಣುಕೂಸು, ಬಿಟ್ಟು ಬರೋಕೆ ಮನೇಲಿ ಯಾರಿದ್ರು? ಪೊರಕೆ ಇಡೋ ಕೋಣೇಲಿ ಮಲಗಿಸಿ ಕೆಲಸ ಮಾಡ್ತಿದ್ದೆ. ಈ ಕಪಾಟಲ್ಲಿ ಒಂದು ಬೆತ್ತದ ಬುಟ್ಟಿ ನೇತುಹಾಕಿದ್ರು. ಬೆಟ್ಟದ ಜನರದ್ದು... ನಮ್ಮೋರು ಇಲ್ಲಿಗೆ ಬರೋ ಎಷ್ಟೋ ತಲೆಮಾರು ಮುಂಚಿಂದ ಈ ನೆಲದಲ್ಲಿರೋರದ್ದು. 'ಜೇನು ತರುವ ಬುಟ್ಟಿ' ಅಂತ ಚೀಟಿ. ಅದರಲ್ಲಿದ್ದ ಎರಡು ತೂತಿಗೆ 'ಗಾಳಿಯಾಡಲು' ಅಂತ ವಿವರಣೆ ಬೇರೆ. ಜೇನಿಗೆ ಯಾಕಪ್ಪಾ ಗಾಳಿ ಅಂತ ಓದಿದೋರು ಯಾರೂ ಕೇಳಲಿಲ್ಲ ನೋಡಿ.

ಸಂಜೆ ಬಾಗಿಲು ಹಾಕೋ ಹೊತ್ತಿಗೆ ಮಗು ಅಳೋದು ಕೇಳಿಸೋದು. ಓಡಿಹೋಗಿ ನೋಡಿದ್ರೆ ನನ್ನ ಕೂಸು ಬೆರಳು ಚೀಪ್ತಾ ಮಲಗಿರೋದು... ಹಾಗಾದ್ರೆ ಅಳೋದು ಯಾರು? ಈ ಗಾಜಿಗೆ ಒಳಗಿಂದ ಮಂಜು ಹಿಡಿದಿರೋದು, ಪುಟ್ಟ ಬಾಯಿ ಉಸಿರು ಬಿಟ್ಟ ಹಾಗೆ. ಅಳೋದು ನನ್ನ ಕೂಸಲ್ಲ ಅಂದ್ರೆ ಮ್ಯೂಸಿಯಂ ಸಾಹೇಬರು ನಂಬ್ತಾರಾ? ಸೋಮವಾರದಿಂದ ಕೂಸನ್ನ ತಂದ್ರೆ ಕೆಲಸ ಇಲ್ಲ ಅಂದುಬಿಟ್ರು. ಕೆಲಸ ಹೋದ್ರೆ ಅದರ ಹೊಟ್ಟೆಗೆ ಏನು ಹಾಕಲಿ? ಅವತ್ತು ಆ ಅಳುವಿಗಿಂತ ಜೋರಾಗಿ ನಾನು ಅತ್ತೆ.

ಶನಿವಾರ ಬೆಟ್ಟದ ಕರಕುಶಲ ಪ್ರದರ್ಶನ ಇತ್ತು. ಅಲ್ಲಿಂದ ಬುಟ್ಟಿ ಹೆಣೆಯೋ ಮುದುಕಿ ಒಬ್ಬಳನ್ನ ಕರೆಸಿದ್ರು. ಭಾಷಣದ ಮಧ್ಯೆ ಅಳು ಎದ್ದಿತು. ಸಾಹೇಬರು ನನ್ನ ಕಡೆ ಕಣ್ಣು ಕೆಂಪಗೆ ಮಾಡಿದ್ರು. ಕೂಸು ನನ್ನ ಕಂಕುಳಲ್ಲೇ ತೆಪ್ಪಗಿತ್ತು. ಆ ಮುದುಕಿ ಸೀದಾ ಕಪಾಟಿನ ಹತ್ರ ನಡೆದಳು. 'ತಲೆಕೆಳಗಾಗಿ ನೇತುಹಾಕಿದ್ದೀರಿ. ಇದು ಕೂಸು ಹೊರೋ ಬುಟ್ಟಿ, ತೂತು ಕಾಲಿಗೆ' ಅಂದಳು. ಅವಳ ತಮ್ಮ ಕೂಸಾಗಿದ್ದಾಗ ಅದರಲ್ಲೇ ಕಣ್ಣು ಮುಚ್ಚಿದ್ನಂತೆ. ಆಮೇಲೆ ಯಾರೋ ಕೇಳದೆ ಎತ್ತಿಕೊಂಡು ಬಂದಿದ್ರಂತೆ. ಅವರಲ್ಲಿ ಬುಟ್ಟಿ ಖಾಲಿ ಇಡೋ ಹಾಗಿಲ್ಲ, ಒಂದು ಮನೆ ಕೂಸು ನಡೆಯೋಕೆ ಕಲಿತ್ರೆ ಇನ್ನೊಂದು ಮನೆಗೆ ಹೋಗಬೇಕು. ಅದರಲ್ಲಿ ಮಲಗಿದೋರೆಲ್ಲ ಒಡಹುಟ್ಟಿದೋರು.

ಸಾಹೇಬರು ಬೀಗದ ಕೈ ನನ್ನ ಕಡೆ ಚಾಚಿದ್ರು, ಬೀಗ ನಾನೇ ತೆಗೆದೆ. ಮುದುಕಿ ಬುಟ್ಟಿ ನೆಟ್ಟಗೆ ಹಿಡಿದು 'ಕೊಡು ತಂಗಿ' ಅಂದಳು. ನೀನು ಯಾರ ಪೈಕಿ ಅಂತ ಕೇಳಲಿಲ್ಲ. ಕೂಸನ್ನ ಒಳಗಿಟ್ಟೆ, ಅಳು ನಿಂತಿತು. ಕೆಲಸಾನೂ ಉಳೀತು, ಬುಟ್ಟೀನೂ ಅವರಿಗೇ ವಾಪಸ್ಸು ಹೋಯ್ತು. ಈಗ ನನ್ನ ಮಗಳಿಗೆ ಬೆಟ್ಟದಲ್ಲಿ ಹದಿನೇಳು ಜನ ಅಣ್ಣತಮ್ಮಂದಿರು, ಊಟಕ್ಕೆ ಬಂದ್ರೆ ನನ್ನ ಪಾತ್ರೆ ಸಾಲಲ್ಲ."

ಅಜ್ಜಿ ಗುಮಾಸ್ತೆಯ ಕಡೆ ತಿರುಗಿದಳು.

"ಅವರಿಗೆ ಹೇಳಿಕಳಿಸಿದ್ದೀನಿ, ನಿನ್ನ ಹೆರಿಗೆ ಹೊತ್ತಿಗೆ ಬುಟ್ಟಿ ಬರತ್ತೆ. ಇನ್ನು ಯಾರೂ ಇಲ್ಲ ಅಂತ ಮುಖ ಸಣ್ಣ ಮಾಡಬೇಡ. ಆದ್ರೆ ಒಂದು ಮಾತು... ಬೆನ್ನಿಗೆ ಹಾಕ್ಕೊಂಡಾಗ ಇಬ್ಬರ ಭಾರ ಇರತ್ತೆ. ಗಾಬರಿಯಾಗಿ ಇಳಿಸಬೇಡ. ನಿನ್ನ ಕೂಸನ್ನ ತಟ್ಟಿ ಮಲಗಿಸಿದ ಮೇಲೆ, ಪಕ್ಕದಲ್ಲಿ ಖಾಲಿ ಕಾಣೋ ಜಾಗಾನೂ ಒಂದಿಷ್ಟು ತಟ್ಟು. ಅದು ಇನ್ನೂ ಎಚ್ಚರವಾಗೇ ಇರತ್ತೆ."